ಗಣಿತದಲ್ಲಿ ಎರಡು

"ಕಳಿಸಿಬಿಟ್ಟೆ ಕಣೇ ಪುಟ್ಟಿ!"

ಶಾಲೆಯಿಂದ ಬಂದ ಮಗಳು ಸೆಲೂನಿನ ಹೊಸ್ತಿಲಲ್ಲೇ ನಿಂತಳು. ಅಪ್ಪ ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಬಾಚಣಿಗೆ ಹಿಡಿದು ಮುಖವೆಲ್ಲ ಬಾಯಾಗಿ ನಗುತ್ತಿದ್ದ. ಕುರ್ಚಿಯಲ್ಲಿ ಕತ್ತಿನವರೆಗೂ ಬಿಳಿ ಬಟ್ಟೆ ಹೊದ್ದುಕೊಂಡು ನಿವೃತ್ತ ಗಣಿತದ ಮೇಷ್ಟ್ರು ಕೂತಿದ್ದರು.

"ಏನು ಕಳಿಸಿದೆ?"

"ಇನ್ನೇನು, ನಿನ್ನ ಮಾರ್ಕ್ಸು! ಇನ್ನೂ ಬಂದಿಲ್ಲ ಅಂತ ಕಾಲೇಜಿನವರು ಬೆಳಿಗ್ಗೆ ನನ್ನ ಫೋನಿಗೆ ಮೆಸೇಜು ಹಾಕಿದ್ರು. ನೀನೋ, ಇವತ್ತು ನಾಳೆ ಅಂತ ತಳ್ತಾನೇ ಇದ್ದೀಯ. ಈ ಕಂಪ್ಯೂಟರಿನಲ್ಲಿ ನಿನ್ನ ಪರೀಕ್ಷೆಯ ಖಾತೆ ತೆರೆದೇ ಇತ್ತಲ್ಲ, ಕಾಲೇಜಿನ ಹೆಸರು ಹುಡುಕಿ ಒತ್ತೇಬಿಟ್ಟೆ. ಅಪ್ಪನಿಗೆ ಏನೂ ಬರಲ್ಲ ಅನ್ಕೊಂಡಿದ್ಯಾ?"

ಪುಟ್ಟಿ ಕಂಪ್ಯೂಟರಿನತ್ತ ಧಾವಿಸಿದಳು. ಪರೀಕ್ಷೆಯ ಅಂಕಗಳು ಹೋಗಿಯೇಬಿಟ್ಟಿದ್ದವು. ಶಾಲೆಯಲ್ಲಿರುವಾಗಲೇ ಕಾಲೇಜು ಮಟ್ಟದ ಪಾಠ ಓದಿ ಬರೆಯುವ ಪರೀಕ್ಷೆ ಅದು. ಅಂಕ ಒಂದರಿಂದ ಐದರವರೆಗೆ. ಐದು ಬಂದರೆ ಗೆದ್ದಂತೆ. ಎರಡು ಬಂದರೆ, ಬರೆಯದೇ ಇದ್ದಿದ್ದರೇ ವಾಸಿಯಿತ್ತು ಅನ್ನಿಸುವಂತೆ. ಉಳಿದ ಎರಡು ವಿಷಯಗಳಲ್ಲಿ ಅವಳದು ಚೆನ್ನಾಗಿಯೇ ಆಗಿತ್ತು. ಗಣಿತದಲ್ಲಿ ಮಾತ್ರ ಎರಡು. ಕಾಲೇಜಿನ ಅರ್ಜಿಯಲ್ಲಿ ತಾನೇ ಅಂಕ ತುಂಬುವಾಗ ಅವಳ ಬೆರಳು ಎರಡರ ಹತ್ತಿರ ಹೋಗಿ, ಅಳುಕಿ, ನಾಲ್ಕನ್ನು ಒತ್ತಿತ್ತು. ಆಗ ಯಾರೂ ಸಾಕ್ಷಿ ಕೇಳಲಿಲ್ಲ. ಸೀಟು ಸಿಕ್ಕಿತು. ಸಿಕ್ಕ ದಿನ ಅಪ್ಪ ಬೀದಿಯವರಿಗೆಲ್ಲ ಪುಕ್ಕಟೆ ಕಟಿಂಗ್ ಮಾಡಿದ. ಬೋಳುತಲೆಯ ಬೇಕರಿಯವನನ್ನೂ ಬಿಡದೆ ಕೂರಿಸಿ ತಲೆಗೆ ಎಣ್ಣೆ ತಿಕ್ಕಿ ಕಳಿಸಿದ. ಕಾಲೇಜಿನ ಸೂಚನೆ ಬಂದದ್ದು ಆಮೇಲೆ: ಅಂಕಗಳನ್ನು ಪರೀಕ್ಷಾ ಮಂಡಳಿಯಿಂದಲೇ ನೇರವಾಗಿ ಕಳಿಸತಕ್ಕದ್ದು. ಅಂದಿನಿಂದ ಅವಳ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ.

"ನೀವೇ ಕೇಳಿ ಮೇಷ್ಟ್ರೇ," ಎಂದ ಅಪ್ಪ ಬಾಚಣಿಗೆ ಆಡಿಸುತ್ತ. "ಕಳಿಸೋ ಮುಂಚೆ ಕಣ್ಣಾರೆ ನೋಡಿದೆ. ಗಣಿತದ ಮುಂದೆ ಎರಡು ಅಂತ ಇತ್ತು. ಇಡೀ ದೇಶಕ್ಕೆ ಎರಡನೆಯವಳು! ಇಷ್ಟು ದಿನ ಬಾಯೇ ಬಿಟ್ಟಿಲ್ಲ ನೋಡಿ, ಕಳ್ಳಿ."

ಮೇಷ್ಟ್ರು ಕನ್ನಡಿಯಲ್ಲೇ ಅವಳನ್ನು ನೋಡಿದರು. ಆ ಮುಖ ನೋಡಿದ ಮೇಲೆ ಅವರಿಗೆ ಬೇರೆ ಏನೂ ಕೇಳಬೇಕಾಗಲಿಲ್ಲ. "ಕಿವಿ ಹತ್ತಿರ ಸ್ವಲ್ಪ ನೋಡ್ಕೊಂಡು ಮಾಡಪ್ಪ," ಎಂದಷ್ಟೇ ಹೇಳಿ ಕಣ್ಣು ಮುಚ್ಚಿಕೊಂಡರು.

ಅವರು ಹೊರಗೆ ಹೋಗುತ್ತಿದ್ದಂತೆ ಪುಟ್ಟಿ ಹಿಂದೆಯೇ ಓಡಿದಳು. ಬೀದಿಯ ತಿರುವಿನಲ್ಲಿ ಮೇಷ್ಟ್ರು ತಾವಾಗಿಯೇ ನಿಂತರು.

"ಅರ್ಜೀಲಿ ಎಷ್ಟು ಅಂತ ಹಾಕಿದ್ದೆ?"

ಪುಟ್ಟಿ ನಾಲ್ಕು ಬೆರಳು ತೋರಿಸಿದಳು.

"ವಾಪಸ್ ತಗೊಳ್ಳೋಕೆ ಆಗಲ್ವಾ ಸಾರ್?"

"ಒಂದ್ಸಲ ಹೋದ್ರೆ ಹೋಯ್ತಮ್ಮ." ಅವರು ಕಾಲರಿಗೆ ಅಂಟಿದ್ದ ಕೂದಲನ್ನು ಕೊಡವಿಕೊಂಡರು. "ಅಲ್ಲಾ, ಆ ಜಾಗ ತುಂಬಲೇಬೇಕು ಅಂತ ಯಾರು ಹೇಳಿದ್ರು ನಿನಗೆ? ಕಡಿಮೆ ಬಂದದ್ದನ್ನ ಬಿಟ್ಟುಬಿಡಬಹುದಿತ್ತು. ಎಷ್ಟೋ ಮಕ್ಕಳು ಬಿಡ್ತಾರೆ. ಖಾಲಿ ಬಿಟ್ಟಿದ್ರೂ ಆ ಸೀಟು ನಿನಗೆ ಸಿಗ್ತಿತ್ತೋ ಏನೋ."

ಅವಳು ಗೋಡೆಗೆ ಒರಗಿದಳು. ಅಳು ಬರಬೇಕಿತ್ತು, ಬರಲಿಲ್ಲ.

"ಅಪ್ಪನಿಗೆ ನೀನೇ ಹೇಳು," ಎಂದು ಮೇಷ್ಟ್ರು ನಡೆದರು. ಆಮೇಲೆ ಅವರು ಆ ಅಂಗಡಿಯ ಕಡೆ ತಲೆಹಾಕಲಿಲ್ಲ.

ಹೇಳಬೇಕೆಂದೇ ಅವಳು ಒಳಗೆ ಬಂದಳು. ಅಪ್ಪ ಹಾಡು ಗುನುಗುತ್ತ ಕತ್ತಿಯನ್ನು ಬಿಸಿನೀರಿಗೆ ಅದ್ದುತ್ತಿದ್ದ. ನಾಳೆ ಹೇಳೋಣ ಎಂದುಕೊಂಡಳು. ನಾಳೆಯೂ ಹಾಗೆಯೇ ಕಳೆಯಿತು. ಅಷ್ಟರಲ್ಲಿ ಕಾಲೇಜಿನ ಉತ್ತರವೇ ಬಂದುಬಿಟ್ಟಿತು. ಅದೂ ಅಪ್ಪನ ಫೋನಿಗೇ: ಸಲ್ಲಿಸಿದ ಅಂಕಗಳು ತಾಳೆಯಾಗದ ಕಾರಣ ಪ್ರವೇಶವನ್ನು ರದ್ದುಪಡಿಸಲಾಗಿದೆ.

ಅಪ್ಪ ಅದನ್ನು ಮತ್ತೆ ಮತ್ತೆ ಓದಿದ. ಗಿರಾಕಿಗಳ ಕುರ್ಚಿಯಲ್ಲಿ ತಾನೇ ಕುಸಿದು ಕೂತ.

"ತಾಳೆ ಆಗ್ತಿಲ್ಲವಂತೆ. ನಾನು ಏನೋ ತಪ್ಪು ಒತ್ತಿದೆ ಪುಟ್ಟಿ. ಬೇರೆ ಯಾರದ್ದೋ ಕಳಿಸಿಬಿಟ್ಟೆ."

"ಹಾಗಲ್ಲ ಅಪ್ಪ, ಅದು..."

"ಸುಮ್ನಿರು. ನನಗೆ ಸಮಾಧಾನ ಹೇಳೋಕೆ ಬರಬೇಡ. ನೀನು ಕಳಿಸ್ತೀನಿ ಅಂತಾನೇ ಇದ್ದೆ. ನನಗೆ ಯಾಕೆ ಬೇಕಿತ್ತು ಅಧಿಕಪ್ರಸಂಗ?" ತಲೆ ತಲೆ ಚಚ್ಚಿಕೊಂಡ.

ಅವಳು ನಾಲಗೆಯ ತುದಿಗೆ ಬಂದದ್ದನ್ನು ನುಂಗಿದಳು. ಅದು ಸಲೀಸಾಗಿ ಇಳಿಯಿತು. ಅಷ್ಟು ಸಲೀಸಾಗಿ ಇಳಿದದ್ದು ಕಂಡು ಅವಳಿಗೇ ಭಯವಾಯಿತು.

ಆ ವರ್ಷ ಬೇರೆ ಯಾವ ಕಾಲೇಜಿನ ಬಾಗಿಲೂ ತೆರೆದಿರಲಿಲ್ಲ. ಪುಟ್ಟಿ ಅಂಗಡಿಯಲ್ಲೇ ಉಳಿದಳು. ಟವೆಲು ಒಗೆಯುವುದು, ನೆಲ ಗುಡಿಸುವುದು. ಅಪ್ಪ ಹಾಡು ಗುನುಗುವುದನ್ನು ಬಿಟ್ಟ. ಅದರ ಬದಲು ಕುರ್ಚಿಯಲ್ಲಿ ಕೂತವರಿಗೆಲ್ಲ, ಕೇಳಲಿ ಬಿಡಲಿ, ಇದೊಂದೇ ಕಥೆ. ಒಂದು ದಿನ ಊರಿಗೆ ಹೊಸಬನಾದ ಲಾರಿ ಡ್ರೈವರ್ ಒಬ್ಬ ಗಡ್ಡ ತೆಗೆಸಲು ಬಂದ. ಅವನ ಕೆನ್ನೆಗೆ ನೊರೆ ಹಚ್ಚುತ್ತ ಅಪ್ಪ ಶುರುಮಾಡಿದ.

"ಇಡೀ ದೇಶಕ್ಕೆ ಎರಡನೆಯವಳು ಸ್ವಾಮಿ ನನ್ನ ಮಗಳು. ಈ ಹಾಳು ಬೆರಳು ಎಲ್ಲೋ ಒತ್ತಿ ಅವಳ ಬಾಳೇ ಕೆಡಿಸಿಬಿಡ್ತು."

ಡ್ರೈವರ್ ನೊರೆ ತುಂಬಿದ ಮುಖ ತಿರುಗಿಸಿ, ಮೂಲೆಯಲ್ಲಿ ಗುಡಿಸುತ್ತಿದ್ದ ಹುಡುಗಿಯನ್ನು ನೋಡಿದ. "ಹೌದೇನಮ್ಮ?"

ಪುಟ್ಟಿ ಪೊರಕೆ ನಿಲ್ಲಿಸಲಿಲ್ಲ.

"ಅಪ್ಪ ಬೇಕೂಂತ ಮಾಡಿದ್ದಲ್ಲ, ಬಿಡಿ," ಎಂದಳು.