ಕಣ್ಣಿದ್ದ ಎಲೆ

ತೆಗೆದ ಫೋಟೋವನ್ನು ಕ್ಯಾಮರಾದ ಪರದೆಯಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದ ಮೇಘಾಳ ಬೆರಳು ಅಲ್ಲೇ ನಿಂತಿತು. ಹಿತ್ತಾಳೆಯ ಚೆಂಬು, ಚೆಂಬಿನಲ್ಲಿ ಕೇದಗೆ, ಸುತ್ತ ಜರಿಗಿಡದ ಎಲೆಗಳು. ಒಂದು ಎಲೆಗೆ ಕಣ್ಣಿತ್ತು.

ಹಸಿರು ಹಾವು. ಚಪ್ಪಟೆಯಾದ ತ್ರಿಕೋನ ತಲೆ. ಒಂದು ರೆಸಾರ್ಟಿನ ಗೋಡೆಗೆಂದು ಹೂವಿನ ಫೋಟೋ ತೆಗೆಯುತ್ತಾ ಮಧ್ಯಾಹ್ನದಿಂದ ಅವಳು ಆ ಎಲೆಗಳನ್ನು ಬರಿಗೈಯಲ್ಲಿ ಎಷ್ಟು ಸಲ ಸರಿಪಡಿಸಿದ್ದಳೋ! ಬೆಚ್ಚಿ ಮೇಜಿನತ್ತ ನೋಡಿದಳು. ಚೆಂಬು ಇತ್ತು, ಕೇದಗೆ ಇತ್ತು. ಹಾವಿರಲಿಲ್ಲ.

"ಜತ್ತಪ್ಪಣ್ಣಾ, ಒಮ್ಮೆ ಬನ್ನಿ!"

ಹೂವು ಕೊಯ್ದು ತಂದುಕೊಟ್ಟವನು ಪಕ್ಕದ ಮನೆಯ ಜತ್ತಪ್ಪನೇ. ಅಂಗಳದಿಂದ ಓಡಿ ಬಂದು ಪರದೆ ನೋಡಿದವನ ಮುಖ ಬಿಳಿಚಿತು. "ಮಂಡಲದ ಜಾತಿ ಇದು, ವಿಷದ್ದು! ಹಳ್ಳದ ಬದಿಯಿಂದ ತಂದದ್ದು, ನನಗೆ ಕಾಣಲೇ ಇಲ್ಲ ಮೇಘಕ್ಕ. ಈಗ ಎಲ್ಲಿ ಉಂಟು?"

ಮೇಘಾ ಮುಂದಿನ ಫೋಟೋಗಳನ್ನು ಸರಿಸಿದಳು. ಒಂದರಲ್ಲಿ ತಲೆ ಎಲೆಯಿಂದ ಹೊರಬಂದಿತ್ತು. ಇನ್ನೊಂದರಲ್ಲಿ ಚೆಂಬಿನ ಕಂಠಕ್ಕೆ ಸುತ್ತಿಕೊಂಡಿತ್ತು. ಕೊನೆಯದರಲ್ಲಿ, ಹಿಂದೆ ಇಳಿಬಿಟ್ಟ ಕಪ್ಪು ಬಟ್ಟೆಯ ಮಡಿಕೆಯೊಳಗೆ ಬಾಲದ ತುದಿ ಮಾತ್ರ. ತೆಗೆಯುವಾಗ ಅವಳ ಗಮನವೆಲ್ಲ ಕೇದಗೆಯ ಮೇಲೆ ಬೀಳುತ್ತಿದ್ದ ಬೆಳಕಿನ ಮೇಲೇ ಇತ್ತು.

ಈಗ ಮೇಜಿನ ಹಿಂದೆ ಗೋಡೆ ಬೋಳಾಗಿತ್ತು.

"ಬಟ್ಟೆ?"

"ಆಗಲೇ ಅಮ್ಮ ತೆಗೆದುಕೊಂಡು ಹೋದರಲ್ಲ," ಎಂದ ಜತ್ತಪ್ಪ. ಇಬ್ಬರೂ ಜಗಲಿಗೆ ಓಡಿದರು.

ಅತ್ತೆ ಕಮಲಾವತಿ ಜಗಲಿಯ ಬೆಂಚಿನ ಮೇಲೆ ಮಲಗಿದ್ದರು. ಕಪ್ಪು ಬಟ್ಟೆಯನ್ನು ಸುರುಳಿ ಸುತ್ತಿ ತಲೆದಿಂಬು ಮಾಡಿಕೊಂಡಿದ್ದರು. ಹಾಯಾದ ನಿದ್ದೆ.

"ಕರೀಬೇಡಿ," ಜತ್ತಪ್ಪ ಪಿಸುಗುಟ್ಟಿದ. "ಗಡಬಡಿಸಿ ಎದ್ದರೆ ಕಚ್ಚಿಬಿಟ್ಟೀತು."

ಮೇಘಾ ಮೊಣಕಾಲೂರಿದಳು. ಅತ್ತೆಯ ಕುತ್ತಿಗೆಗೂ ಬಟ್ಟೆಗೂ ನಡುವೆ ಅಂಗೈಯನ್ನು ನಿಧಾನವಾಗಿ ತೂರಿಸಿದಳು. ಏನೋ ತಣ್ಣಗೆ ತಾಗಿತು. ಬಟ್ಟೆಯೋ, ಅದೋ, ತಿಳಿಯಲಿಲ್ಲ. ಕೈ ಹಿಂದೆಗೆಯಬೇಕೆನಿಸಿತು. ಹಿಂದೆಗೆಯಲಿಲ್ಲ. ಕಣ್ಣು ಮುಚ್ಚಿ ಅತ್ತೆಯ ತಲೆಯನ್ನು ಮೇಲೆತ್ತಿದಳು.

"ಏನೇ ಮೇಘಾ..."

"ಮಾತಾಡಬೇಡಿ ಅತ್ತೆ!"

ಮದುವೆಯಾಗಿ ಬಂದ ಮೇಲೆ ಆ ದನಿಯಲ್ಲಿ ಅವಳು ಅತ್ತೆಯೊಡನೆ ಮಾತಾಡಿದ್ದೇ ಇಲ್ಲ. ಸೊಸೆಯ ಮುಖ ನೋಡಿದ ಕಮಲಾವತಿ ಸುಮ್ಮನೆ ಮಗುವಿನಂತೆ ಅವಳ ಕೊರಳಿಗೆ ಕೈ ಸುತ್ತಿದರು. ಮೇಘಾ ಅವರನ್ನು ಬೆಂಚಿನಿಂದ ಎಳೆದುಕೊಂಡು ಗೋಡೆಯ ಬದಿಗೆ ಬಿದ್ದಳು.

ಜತ್ತಪ್ಪ ಉದ್ದದ ಕೋಲಿನಿಂದ ಬಟ್ಟೆಯನ್ನು ನೆಲಕ್ಕೆಳೆದ. ವಿಷಯ ಅರ್ಥವಾದ ಕಮಲಾವತಿ ಏದುಸಿರಿನ ನಡುವೆಯೇ ಹೇಳಿದರು: "ಕೊಲ್ಲಬೇಡ ಜತ್ತಪ್ಪ. ನಮ್ಮ ಮನೆಯಲ್ಲಿ ಹಿಂಸೆ ಬೇಡ."

ಅವನು ಸುರುಳಿ ಬಿಡಿಸಿದ. ಕೋಲಿಗೆ ಸಿಕ್ಕಿಸಿ ಕೊಡವಿದ. ಮಗುಚಿ ಹಾಕಿ ಮತ್ತೆ ಕೊಡವಿದ.

"ಕೊಲ್ಲಲಿಕ್ಕೆ ಸಿಗಬೇಕಲ್ಲ ಅಮ್ಮ," ಎಂದ.

ಬೆಂಚಿನ ಅಡಿಯಲ್ಲಿ ಇರಲಿಲ್ಲ. ಮೂಲೆಯಲ್ಲಿ ಇರಲಿಲ್ಲ. ಹಾವು ಹಿಡಿಯುವ ಯಾಕೂಬ್ ಲಾಯಿಲದಿಂದ ಹೊರಟಿದ್ದೇನೆಂದು ಫೋನಿನಲ್ಲಿ ಹೇಳಿದ. ಅಂಗಳಕ್ಕೆ ಇಳಿದು ಕಾಯುವ ಎಂದರೆ ಮೆಟ್ಟಿಲಿನ ಎರಡೂ ಬದಿ ಕುಂಡಗಳಲ್ಲಿ ದಟ್ಟ ಹಸಿರು ಎಲೆಗಳು.

ಮೂವರೂ ಕಾಲು ಮೇಲೆತ್ತಿಕೊಂಡು ಬೆಂಚಿನ ಮೇಲೆ ಒತ್ತಾಗಿ ಕುಳಿತರು. ಕತ್ತಲಾಗುತ್ತಾ ಬಂತು. ದೀಪದ ಸ್ವಿಚ್ ಎದುರಿನ ಗೋಡೆಯಲ್ಲೇ ಇತ್ತು. ಯಾರೂ ಕಾಲು ಕೆಳಗಿಡಲಿಲ್ಲ.