ಹೂಜಿಯೊಳಗಿನ ಉಸಿರು

ತಮ್ಮ ಫೋನಿನಲ್ಲಿ ಹಾಕಿದ ಮೊದಲ ಹಾಡಿನಲ್ಲಿ ಹೂಜಿ ಮೊರೆದ ಕೂಡಲೇ ವೆಲ್ಡರ್‌ಗೆ ಗೊತ್ತಾಯಿತು, ಅದು ತನ್ನ ಉಸಿರಲ್ಲ. ಇಪ್ಪತ್ತು ವರ್ಷ ಹಾಡಿನ ತಂಡಕ್ಕಾಗಿ ಹೂಜಿಯ ಬಾಯಿಗೆ ತುಟಿಯಿಟ್ಟು ಊದಿದವನಿಗೆ ಅಷ್ಟೂ ತಿಳಿಯದೇ? ಅವನ ಶ್ವಾಸಕೋಶ ಪೂರ್ತಿ ಕೈಕೊಡುವ ಮೊದಲೇ ಆಗಲಿ ಎಂದು ತಂಡದ ನಾಲ್ವರೂ ಸೇರಿ ತಮ್ಮನ ಗ್ಯಾರೇಜಿನಲ್ಲೇ ಈ ಮೊದಲ ಆಲ್ಬಂ ರೆಕಾರ್ಡ್ ಮಾಡಿದ್ದರು.

"ನಾನು ಊದಿದ್ದು ಎಲ್ಲಿ ಹೋಯ್ತು?" ಆಸ್ಪತ್ರೆಯ ಮಂಚದಿಂದಲೇ ಕೇಳಿದ.

ತಮ್ಮ ತಲೆ ತಗ್ಗಿಸಿದ. "ಉಬ್ಬಸ ತುಂಬಾ ಕೇಳಿಸ್ತಿತ್ತಣ್ಣ. ಅಳಿಸಿ ನಾನೇ ಊದಿದೆ."

"ಒಂದು ಹಾಡಲ್ಲೂ ಉಳಿಸಲಿಲ್ವಾ?"

ಅಷ್ಟರಲ್ಲಿ ಔಷಧಿ ಹಿಡಿದು ಒಳಬಂದ ವೆಲ್ಡರ್‌ನ ಹೆಂಡತಿ ಹಾಡು ಕೇಳಿ ಬಾಗಿಲಲ್ಲೇ ನಿಂತಳು. ಕಣ್ಣು ತುಂಬಿಕೊಂಡಳು.

"ಇದು ನೀವೇ ಅಲ್ವಾ? ಇನ್ನು ನಿಮ್ಮ ಉಸಿರು ಯಾವಾಗ ಬೇಕಾದ್ರೂ ಕೇಳಬಹುದು ನಾನು."

ವೆಲ್ಡರ್ ತಮ್ಮನ ಮುಖ ನೋಡಿದ.

"ಹೂಂ," ಎಂದ, "ನಾನೇ."