ಅಮೀನ ಮುಟ್ಟಿದ ಹೆಗಲು

ಶನಿವಾರ ಹೊತ್ತು ಮುಳುಗಿದ್ದೇ ಟ್ಯಾಬಿತಾ ಬೀದಿಬಾಗಿಲಿನ ಅಗುಳಿ ಸರಿಸಿದಳು. ಹನ್ನೊಂದು ದಿನಗಳಿಂದ ತೆಗೆಯದ ಬಾಗಿಲು. ಆಚೆ ಪೀಪಾಯಿಯ ಮೇಲೆ ಕೂತಿದ್ದ ಕೋರ್ಟಿನ ಅಮೀನ ಎನೋಕ್ ಸ್ಟೋಕ್ಸ್ ಸಾರಿನ ಬಟ್ಟಲು ಕೆಳಗಿಟ್ಟವನೇ ಬಾಗಿಲ ಸಂದಿಗೆ ಬೂಟುಗಾಲು ತೂರಿಸಿದ.

"ಕಾಲು ತೆಗೀರಿ ಅಮೀನರೇ. ಭಾನುವಾರ ಶುರುವಾಯ್ತು. ಇನ್ನು ಯಾರನ್ನೂ ಹಿಡಿಯೋ ಹಾಗಿಲ್ಲ."

"ಅದು ನಿಮ್ಮ ಗಂಡನ ಊರು ಕನೆಕ್ಟಿಕಟ್‌ನಲ್ಲಿ, ತಾಯಿ. ಅಲ್ಲಿ ಹೊತ್ತು ಮುಳುಗಿದ್ರೆ ಭಾನುವಾರ. ನಮ್ಮ ಫಿಲಡೆಲ್ಫಿಯಾದ ಭಾನುವಾರ ಸೋಮಾರಿ, ರಾತ್ರಿ ಹನ್ನೆರಡು ಹೊಡೆದ ಮೇಲೇ ಏಳೋದು."

ಟ್ಯಾಬಿತಾಳ ಮುಖ ಬಿಳಿಚಿತು. ಇಪ್ಪತ್ತು ವರ್ಷ ಗಂಡನ ಊರಲ್ಲಿ ಬಾಳಿದ ರೂಢಿ ಅವಳಿಂದ ಬಾಗಿಲು ತೆಗೆಸಿತ್ತು. ಅಮೀನ ಬಾಗಿಲು ಒಡೆಯುವಂತಿಲ್ಲ, ತೆರೆದ ಬಾಗಿಲಲ್ಲಿ ನುಗ್ಗಬಹುದು. ಸಾಲಗಾರನ ಹೆಗಲು ಮುಟ್ಟಿದರೆ ಅವನು ಸೆರೆ. ಸತ್ತವನ ಹೆಗಲು ಮುಟ್ಟಿದರೂ ಅಷ್ಟೇ, ಮನೆಯವರು ಸಾಲ ತೀರಿಸುವ ತನಕ ಹೆಣಕ್ಕೆ ಮಣ್ಣಿಲ್ಲ ಎಂದು ಊರೆಲ್ಲ ನಂಬಿತ್ತು. ಅವಳ ಅಪ್ಪ ಗಿಡಿಯನ್ ಹ್ಯಾಲೆಟ್, ಒಂದು ಕಾಲಕ್ಕೆ ದೇಶದ ಬೊಕ್ಕಸ ನೋಡಿಕೊಂಡವರು, ಆಮೇಲೆ ಕಣ್ಣಲ್ಲೂ ಕಾಣದ ಕಾಡುಗಳನ್ನು ಸಾಲದ ಮೇಲೆ ಕೊಂಡು ಮುಳುಗಿದವರು, ಗುರುವಾರವೇ ತೀರಿಕೊಂಡಿದ್ದರು. ಮೇಲಿನ ಕಿಟಕಿಯ ಬಳಿ, ಅವರ ಮೇಜಿನ ಮುಂದೆ, ಶಾಲಿನಿಂದ ಕುರ್ಚಿಗೆ ಬಿಗಿದು ಟೊಪ್ಪಿ ಹಾಕಿ ಕೂರಿಸಿದ್ದಳು. ಬೀದಿಯಿಂದ ನೋಡಿದವರಿಗೆ ಯಜಮಾನರು ಕೂತಿದ್ದಾರೆ. ಭಾನುವಾರ ಮಣ್ಣು ಮಾಡಿಬಿಟ್ಟರೆ ಆಯಿತು. ಈಗ ಹೊರಟಿದ್ದು ಬಡಗಿಗೆ ಪೆಟ್ಟಿಗೆ ಹೇಳಲು.

"ಮೇಲೆ ಹೋಗ್ಬೇಡಿ. ಅವರಿಗೆ ಮೈ ಸರಿಯಿಲ್ಲ."

"ಮುಟ್ಟಿ ಬರ್ತೀನಿ ಅಷ್ಟೆ. ಹನ್ನೊಂದು ದಿನದಿಂದ ಹೆಂಡತಿ ಮುಖ ನೋಡಿಲ್ಲ ನಾನು."

"ಅವಳ ಪುಣ್ಯ."

"ಅವಳೂ ಹಾಗೇ ಅಂತಾಳೆ," ಎನ್ನುತ್ತ ಅಮೀನ ಮೆಟ್ಟಿಲು ಹತ್ತಿದ. ಟ್ಯಾಬಿತಾ ಹಿಂದೆಯೇ ಓಡಿದಳು.

ಕೋಣೆಯಲ್ಲಿ ಬೆಂಕಿ ಹಾಕಿರಲಿಲ್ಲ. ಅಮೀನ ಸರ್ಕಾರದ ಹೆಸರು ಹೇಳಿ ಮುದುಕರ ಹೆಗಲ ಮೇಲೆ ಕೈಯಿಟ್ಟ. ಇಟ್ಟ ಕೈ ಹಾಗೇ ಹಿಂದಕ್ಕೆ ಬಂತು.

"ಯಾವಾಗ?"

"ಗುರುವಾರ, ಕೋಳಿ ಕೂಗೋ ಹೊತ್ತಿಗೆ."

"ಸುಳ್ಳು ಹೇಳ್ಬೇಡಿ ತಾಯಿ."

"ನಾನೇ ಕಣ್ಣು ಮುಚ್ಚಿಸಿದೀನಿ. ಸುಳ್ಳು ಯಾಕೆ ಹೇಳ್ಲಿ?"

ಅಮೀನ ನೆಲದ ಮೇಲೇ ಕೂತುಬಿಟ್ಟ. "ಇವತ್ತು ಮಧ್ಯಾಹ್ನ ಇವರು ನನ್ನ ಹತ್ರ ಮಾತಾಡಿದ್ರು. ದಿನಾ ರೇಗಿಸೋ ಹಾಗೆ, ಯಜಮಾನ್ರೇ, ಇಳಿದು ಬರ್ತೀರಾ ಅಂದೆ. ಕಿಟಕಿ ತೆಗೆದ್ರು. ಸ್ವಾತಂತ್ರ್ಯ ಯುದ್ಧದಲ್ಲಿ ಯಾವ ಪಡೆ ನಿಂದು, ಸಂಬಳ ಎಷ್ಟು ತಿಂಗಳು ಬಾಕಿ ಅಂತ ಕೇಳಿದ್ರು. ನಾನು ಸಿಪಾಯಿ ಆಗಿದ್ದೆ ಅಂತ ಇವರಿಗೆ ಹೇಳಿದೋರು ಯಾರು?"

ಟ್ಯಾಬಿತಾ ಕಿಟಕಿಯ ಕಡೆ ನೋಡಿದಳು. ಚಳಿಗಾಳಿ ನುಗ್ಗದಿರಲೆಂದು ಸಂದಿಗೆ ಅಂಟಿಸಿದ್ದ ಕಾಗದ ಎಲ್ಲೂ ಹರಿದಿರಲಿಲ್ಲ.

"ನೀವೇನಂದ್ರಿ?"

"ಬಾಕಿ ಇಲ್ಲ ಅಂದೆ. ನಿಜ ತಾನೇ? ಬೊಕ್ಕಸದಲ್ಲಿ ಕಾಸಿಲ್ಲದಾಗ ಸ್ವಂತ ಹೆಸರಲ್ಲಿ, ಸ್ವಂತ ಕೈಯಾರೆ, ಸಾವಿರಾರು ಸಿಪಾಯಿಗಳಿಗೆ ಸಂಬಳದ ಚೀಟಿ ಸಹಿ ಹಾಕಿ ಕೊಟ್ಟೋರು ಇವರು. ನನ್ನ ಚೀಟಿ ಕೊಟ್ಟು ಹಸು ತಗೊಂಡೆ. ಹಸು ನೋಡಿ ಹೆಂಡತಿ ಬಂದ್ಲು." ನಗಲು ನೋಡಿದ, ಆಗಲಿಲ್ಲ. "ನಿನಗಿಲ್ಲ, ಉಳಿದವರಿಗಿದೆ, ಅಂದ್ರು. ಕಿಟಕಿ ಮುಚ್ಕೊಂಡ್ರು."

ಅಮೀನ ಎದ್ದು ಮುದುಕರ ಟೊಪ್ಪಿ ನೆಟ್ಟಗೆ ಮಾಡಿದ.

"ಈ ಹೆಗಲು ನಾನು ಮುಟ್ಟಿಲ್ಲ. ಬಾಗಿಲು ತೆಗೆದದ್ದೂ ನೋಡಿಲ್ಲ. ಬಡಗಿಗೆ ನಾನೇ ಹೇಳ್ತೀನಿ. ಬೆಳಗ್ಗೆ ಹೊರೋಕೆ ಜನ ಬೇಕಲ್ಲ, ನಾನೊಬ್ಬ ಇದೀನಿ."

ಟ್ಯಾಬಿತಾ ಬರಿಗೈಗಳಲ್ಲೇ ಮುಖ ಒರೆಸಿಕೊಂಡಳು. ಇಬ್ಬರೂ ಕೆಳಗಿಳಿದರು. ಅಮೀನ ಹೊಸ್ತಿಲು ದಾಟುವಷ್ಟರಲ್ಲಿ ಮೇಲಿನಿಂದ ಸದ್ದು ಬಂತು. ಕಾಗದದ ಮೇಲೆ ಲೇಖನಿ ಕೆರೆಯುವ ಸದ್ದು. ಒಂದು ಹೆಸರು ಬರೆಯುವಷ್ಟು ಹೊತ್ತು. ಬಿಡುವು. ಮತ್ತೆ ಅಷ್ಟೇ ಹೊತ್ತು.

ಅಮೀನ ಬಾಗಿಲ ಚೌಕಟ್ಟು ಹಿಡಿದುಕೊಂಡ. ಟ್ಯಾಬಿತಾ ಮೆಟ್ಟಿಲ ಬುಡದಲ್ಲಿ ನಿಂತು, ಕತ್ತೆತ್ತಿ, ನಿದ್ದೆ ಮಾಡದ ಮಗುವನ್ನು ಗದರುವ ದನಿಯಲ್ಲಿ ಕೂಗಿದಳು:

"ಅಪ್ಪಾ, ಸಾಕು ಮಾಡಿ. ಯುದ್ಧ ಮುಗಿದು ಹದಿನೈದು ವರ್ಷ ಆಯ್ತು."

ಸದ್ದು ನಿಂತಿತು.

ಆಮೇಲೆ, ಇನ್ನೊಂದು ಹಾಳೆ ಎಳೆದುಕೊಂಡ ಸದ್ದು.